ಹಿಡಿದದ್ದನ್ನು ಬಿಡಿಸುವ ವಿದ್ಯೆ



ನೆಲದಡಿಯಿಂದ ಬರುವ ನೈಸರ್ಗಿಕ ಅನಿಲದಿಂದಲೂ ಕಲ್ಲಿದ್ದಲು, ನಾಫ್ತಾಗಳಿಂದ ತಯಾರಿಸುವ ಸಿನ್‌ಗ್ಯಾಸಿನಿಂದಲೂ ಆಮ್ಲ ಅನಿಲಗಳನ್ನು ಬೇರ್ಪಡಿಸುವ ಬಗೆ ಇವತ್ತಿನ ವಿಷಯ. ದತ್ತಿ ಉಪನ್ಯಾಸಕ್ಕೆ ಇದು ಸ್ವಲ್ಪ ಒರಟು ವಿಷಯ ಅನ್ನಿಸಬಹುದು. ಆದರೆ ನಮ್ಮ ಗೊಬ್ಬರ, ನಮ್ಮ ಒಲೆ, ನಮ್ಮ ಉಕ್ಕು ಎಲ್ಲವೂ ಈ ಕೆಲಸದ ಮೇಲೆ ನಿಂತಿವೆ. ಕನ್ನಡದಲ್ಲಿ ಇದರ ಮಾತು ತೀರ ಕಡಿಮೆ ಆಗಿದೆ ಎಂಬುದು ನನ್ನ ಹಳೆಯ ತಕರಾರು.

ಪಣಂಬೂರಿನ ಗೊಬ್ಬರ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. 1976ರಲ್ಲಿ ಶುರುವಾದಾಗ ಅದರ ಕಚ್ಚಾವಸ್ತು ನಾಫ್ತಾ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರಿನ ಕೊಳವೆ ಮಾರ್ಗ ಬಂದು, 2021ರ ಜನವರಿ 5ರಂದು ಲೋಕಾರ್ಪಣೆಯಾದ ಮೇಲೆ ಕರಾವಳಿಗೆ ನೈಸರ್ಗಿಕ ಅನಿಲ ಸಿಕ್ಕಿತು. ಆ ಅನಿಲ ಕೊಚ್ಚಿಯ ಪುದುವೈಪ್ಪಿನಲ್ಲಿ ಹಡಗಿನಿಂದ ದ್ರವರೂಪದಲ್ಲಿ ಇಳಿಯುತ್ತದೆ. ಅದರಲ್ಲೊಂದು ಪಾಲು ಆಸ್ಟ್ರೇಲಿಯದ ಗೋರ್ಗನ್ ಕ್ಷೇತ್ರದ್ದು, 2009ರಲ್ಲೇ ಒಪ್ಪಂದವಾದ ಸರಕು. ಗೋರ್ಗನ್ ಬಾವಿಯಿಂದ ಮೇಲೆ ಬರುವಾಗ ಆ ಅನಿಲದಲ್ಲಿ ಶೇಕಡಾ 14ರಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಹಡಗು ಹತ್ತುವ ಹೊತ್ತಿಗೆ ಉಳಿಯುವುದು ಹತ್ತು ಲಕ್ಷಕ್ಕೆ 50 ಪಾಲಿಗಿಂತ ಕಡಿಮೆ. ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಮೀಥೇನನ್ನು ದ್ರವ ಮಾಡಲು ಮೈನಸ್ 162 ಡಿಗ್ರಿಗೆ ಇಳಿಸಬೇಕು. ಅಷ್ಟು ಚಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಗಟ್ಟಿಯಾಗಿ ಕೊಳವೆಗಳನ್ನು ಕಟ್ಟಿಬಿಡುತ್ತದೆ. ಮಂಗಳೂರಿನ ಮನೆಯ ಬರ್ನರ್ ತನಕ ಬರುವ ಜ್ವಾಲೆಯ ಹಿಂದೆ ಸಾವಿರಾರು ಕಿಲೋಮೀಟರ್ ಆಚೆಯ ಬ್ಯಾರೋ ದ್ವೀಪದಲ್ಲಿ ಯಾರೋ ಮಾಡಿದ ಬೇರ್ಪಡಿಸುವ ಕೆಲಸವಿದೆ.

ಬೇರ್ಪಡಿಸಬೇಕಾದವು ಮುಖ್ಯವಾಗಿ ಎರಡು. ಇಂಗಾಲದ ಡೈಆಕ್ಸೈಡ್ ಉರಿಯುವುದಿಲ್ಲ, ಸುಮ್ಮನೆ ಜಾಗ ತಿನ್ನುತ್ತದೆ, ನೀರಿನ ಜೊತೆ ಸೇರಿದರೆ ಉಕ್ಕನ್ನೂ ತಿನ್ನುತ್ತದೆ. ಇನ್ನೊಂದು ಹೈಡ್ರೋಜನ್ ಸಲ್ಫೈಡ್. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ಕೊಳೆತ ಮೊಟ್ಟೆಯ ನಾತ ಎಂದು ಪಠ್ಯಪುಸ್ತಕ ಹೇಳುತ್ತದೆ. ಹತ್ತು ಲಕ್ಷದಲ್ಲಿ ಒಂದು ಪಾಲೂ ಇಲ್ಲದಾಗಲೇ ಮೂಗಿಗೆ ಗೊತ್ತಾಗುತ್ತದೆ, ನಿಜ. ಅಪಾಯವಿರುವುದು ಆಮೇಲೆ. ಪ್ರಮಾಣ ನೂರು ಪಾಲು ಮುಟ್ಟಿದರೆ ವಾಸನೆ ಹಿಡಿಯುವ ನರವೇ ಕೆಲವು ನಿಮಿಷಗಳಲ್ಲಿ ಸೋತುಬಿಡುತ್ತದೆ. ನಾತ ಹೋಯಿತು, ಗಾಳಿ ಸರಿಯಾಯಿತು ಎಂದುಕೊಂಡವನು ಮುಂದೆ ಹೆಜ್ಜೆ ಇಡುತ್ತಾನೆ. ಸಾವಿರ ಪಾಲಿನ ಹತ್ತಿರ ಒಂದೆರಡು ಉಸಿರು ಸಾಕು. ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ಮಡುಗಟ್ಟುತ್ತದೆ. ನಮ್ಮ ಊರುಗಳ ಮ್ಯಾನ್‌ಹೋಲಿನಲ್ಲಿ ಇಳಿದವನು ಮೇಲೆ ಬರದಿದ್ದಾಗ, ಅವನನ್ನು ಎತ್ತಲು ಹೋದ ಎರಡನೆಯವನೂ ಮೂರನೆಯವನೂ ಅಲ್ಲೇ ಉಳಿಯುತ್ತಾರಲ್ಲ, ಹೆಚ್ಚಿನ ಸಲ ಅಲ್ಲಿ ಕಾದಿರುವುದು ಇದೇ ಅನಿಲ. ಮನುಷ್ಯರನ್ನು ಹಾಗೆ ಇಳಿಸುವುದರ ವಿರುದ್ಧ 2013ರ ಕಾನೂನು ಬಂದ ಮೇಲೂ ಆ ಸುದ್ದಿ ನಿಂತಿಲ್ಲ ಎನ್ನುವುದು ನಾಚಿಕೆಯ ವಿಷಯ. ಚೀನಾದ ಚೋಂಗ್‌ಚಿಂಗ್ ಹತ್ತಿರದ ಕಾಯ್ ಕೌಂಟಿಯಲ್ಲಿ 2003ರ ಡಿಸೆಂಬರ್ 23ರ ರಾತ್ರಿ ಒಂದು ಅನಿಲ ಬಾವಿ ಕೈಮೀರಿ ಚಿಮ್ಮಿತು. ಸತ್ತವರು 243 ಮಂದಿ, ಬಹುಪಾಲು ಸುತ್ತಲ ಕಣಿವೆಯ ರೈತಾಪಿ ಜನ. ಬಾವಿಗೆ ಬೆಂಕಿ ಹಚ್ಚಿ ವಿಷವನ್ನು ಸುಟ್ಟುಬಿಡುವ ತೀರ್ಮಾನ ಬರುವಷ್ಟರಲ್ಲಿ ಮರುದಿನವಾಗಿತ್ತು.

ಮನುಷ್ಯನಿಗೆ ಮಾತ್ರವಲ್ಲ, ಉಕ್ಕಿಗೂ ಇದು ವಿಷ. ಅದನ್ನು ಜಗತ್ತು ಸರಿಯಾಗಿ ಕಲಿತದ್ದು ಫ್ರಾನ್ಸಿನ ಲಾಕ್ ಎಂಬಲ್ಲಿ.

ಪಿರನೀಸ್ ಪರ್ವತದ ಬುಡದಲ್ಲಿ, ಪೋ ಪಟ್ಟಣದ ಹತ್ತಿರದ ಹಳ್ಳಿ ಲಾಕ್. ಮೆಕ್ಕೆಜೋಳ ಬೆಳೆಯುವ ಊರು. 1949ರಲ್ಲಿ ಅಲ್ಲಿ ಮೇಲಿನ ಪದರದಲ್ಲಿ ಸ್ವಲ್ಪ ಎಣ್ಣೆ ಸಿಕ್ಕಿತು. ಇನ್ನೂ ಆಳಕ್ಕೆ ಕೊರೆದಾಗ, 1951ರ ಡಿಸೆಂಬರಿನಲ್ಲಿ, ಮೂರೂವರೆ ಕಿಲೋಮೀಟರ್ ಕೆಳಗೆ ಕಂಡವರಿಲ್ಲದಷ್ಟು ಒತ್ತಡದ ಅನಿಲ ಎದುರಾಯಿತು. ಬಾವಿ ಸಿಡಿಯಿತು. ಅದನ್ನು ಮುಚ್ಚಲು ಅಮೆರಿಕದಿಂದ ಮೈರನ್ ಕಿನ್ಲೆ ಎಂಬ ಬಾವಿ ಪಳಗಿಸುವ ಪರಿಣತನನ್ನು ಕರೆಸಬೇಕಾಯಿತು. ಯುದ್ಧದಿಂದ ಸೊರಗಿದ್ದ ಫ್ರಾನ್ಸಿಗೆ ಅನಿಲದ ದೊಡ್ಡ ನಿಧಿಯೇ ಸಿಕ್ಕಿತ್ತು. ಆದರೆ ಆ ನಿಧಿಯಲ್ಲಿ ಶೇಕಡಾ 15 ಹೈಡ್ರೋಜನ್ ಸಲ್ಫೈಡ್, ಹತ್ತಿರ ಹತ್ತಿರ 10 ಇಂಗಾಲದ ಡೈಆಕ್ಸೈಡ್. ಬಾವಿಗೆ ಇಳಿಸಿದ್ದ ಗಟ್ಟಿಮುಟ್ಟಾದ ಉಕ್ಕಿನ ಕೊಳವೆಗಳು ತುಕ್ಕು ಹಿಡಿಯಲೂ ಕಾಯದೆ ಗಾಜಿನಂತೆ ಮುರಿದವು.

ಕಾರಣ ವಿಚಿತ್ರ. ಹೈಡ್ರೋಜನ್ ಸಲ್ಫೈಡ್ ತೇವವಿರುವ ಉಕ್ಕನ್ನು ಮುಟ್ಟಿದಾಗ ಕಬ್ಬಿಣದ ಸಲ್ಫೈಡ್ ಆಗಿ, ಒಂಟಿ ಹೈಡ್ರೋಜನ್ ಪರಮಾಣುಗಳು ಹುಟ್ಟುತ್ತವೆ. ಸಾಮಾನ್ಯವಾಗಿ ಅವು ಜೋಡಿಯಾಗಿ ಗುಳ್ಳೆಯಾಗಿ ಹಾರಿಹೋಗಬೇಕು. ಗಂಧಕವಿದ್ದಲ್ಲಿ ಆ ಜೋಡಿಯಾಗುವಿಕೆಗೆ ತಡೆಯುಂಟಾಗಿ, ಒಂಟಿ ಪರಮಾಣುಗಳು ಉಕ್ಕಿನೊಳಗೇ ನುಸುಳುತ್ತವೆ, ಎಳೆತಕ್ಕೆ ಸಿಕ್ಕಿದ ಜಾಗದಲ್ಲಿ ಸೇರಿಕೊಳ್ಳುತ್ತವೆ. ಉಕ್ಕು ಎಷ್ಟು ಕಠಿಣವೋ ಅಷ್ಟು ಬೇಗ ಬಿರುಕು. ಹೆಚ್ಚು ಬಲದ ಉಕ್ಕು ಹಾಕಿದರೆ ಹೆಚ್ಚು ಭದ್ರ ಎಂಬ ಎಂಜಿನಿಯರನ ಸಹಜ ಬುದ್ಧಿ ಇಲ್ಲಿ ತಲೆಕೆಳಗು. ಫ್ರೆಂಚ್ ಉಕ್ಕಿನ ಕಾರ್ಖಾನೆಗಳು ಇದಕ್ಕೆಂದೇ ಬೇರೆ ಮಿಶ್ರಲೋಹ ಮಾಡಿಕೊಟ್ಟವು. 1957ರಲ್ಲಿ ಉತ್ಪಾದನೆ ಶುರುವಾಗುವ ತನಕ ಐದು ವರ್ಷ ಹಿಡಿಯಿತು. ಹುಳಿ ಅನಿಲ, ಅಂದರೆ ಹೈಡ್ರೋಜನ್ ಸಲ್ಫೈಡ್ ಬೆರೆತ ಅನಿಲವಿರುವಲ್ಲಿ ಸಾಮಾನ್ಯ ಉಕ್ಕಿನ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 22 ಮೀರಬಾರದು ಎಂದು ಇಂದಿಗೂ ಪಾಲಿಸುವ ನಿಯಮ 1975ರ ಅಮೆರಿಕದ ಮಾನದಂಡದಲ್ಲಿ ಬರೆಯಲ್ಪಟ್ಟಿತು. ನಿಯಮ ಬಂದ ಮಾತ್ರಕ್ಕೆ ಪಾಠ ಕಲಿತಂತೆ ಅಲ್ಲ: ಕಜಕಸ್ತಾನದ ಕಶಗಾನ್ ಕ್ಷೇತ್ರ 2013ರ ಸೆಪ್ಟೆಂಬರಿನಲ್ಲಿ ಶುರುವಾಗಿ ಕೆಲವೇ ವಾರಗಳಲ್ಲಿ ಕೊಳವೆಗಳು ಬಿರುಕುಬಿಟ್ಟು ನಿಂತಿತು. ಸಮುದ್ರದಡಿಯ ಎರಡು ಕೊಳವೆ ಮಾರ್ಗಗಳನ್ನು ಪೂರ್ತಿ ಬದಲಿಸಿ ಮತ್ತೆ ಶುರುಮಾಡುವಾಗ 2016.

ಲಾಕ್‌ನಲ್ಲಿ ಅನಿಲವನ್ನು ಮೇಲೆ ತಂದದ್ದಾಯಿತು. ಅದರ ಹುಳಿ ತೆಗೆಯುವುದು ಹೇಗೆ?

ಇದರ ಹಿಂದಿನ ವಿದ್ಯೆ ಸುಮಾರು ಒಂದೂವರೆ ಶತಮಾನ ಹಳೆಯದಾಗಿತ್ತು. ಲಂಡನ್ನಿನ ಬೀದಿದೀಪಕ್ಕೆ ಕಲ್ಲಿದ್ದಲ ಅನಿಲ ಬಂದ ಕಾಲದಲ್ಲಿ ಸುಣ್ಣದ ಪೆಟ್ಟಿಗೆಗಳ ಮೂಲಕ ಹಾಯಿಸಿ ಗಂಧಕ ತೆಗೆಯುತ್ತಿದ್ದರು. ಸೋತ ಸುಣ್ಣವನ್ನು ತೆಗೆದು ಸುರಿಯುವ ದಿನ ಇಡೀ ಬಡಾವಣೆ ಮೂಗು ಮುಚ್ಚಿಕೊಳ್ಳಬೇಕಿತ್ತು. ಆಮೇಲೆ ಕಬ್ಬಿಣದ ಆಕ್ಸೈಡ್ ಬಂತು. ಅದಕ್ಕೊಂದು ಸುಗುಣ: ಗಂಧಕ ಹಿಡಿದು ಕಪ್ಪಾದ ಆಕ್ಸೈಡನ್ನು ಗಾಳಿಗೆ ಹರಡಿದರೆ ಮತ್ತೆ ಕೆಂಪಾಗುತ್ತದೆ, ಇನ್ನೊಂದು ಸುತ್ತು ಬಳಸಬಹುದು. ಆದರೂ ಇವೆಲ್ಲ ಪೆಟ್ಟಿಗೆ ತುಂಬಿ ಪೆಟ್ಟಿಗೆ ಬರಿದು ಮಾಡುವ ಕೆಲಸ. ದಿನಕ್ಕೆ ನೂರಾರು ಟನ್ ಗಂಧಕ ಬರುವಲ್ಲಿ ಅದು ನಡೆಯದು.

ಉತ್ತರ ಬಂದದ್ದು ಅಮೆರಿಕದ ಕೆಂಟಕಿಯ ಲೂಯಿವಿಲ್ ಊರಿನ ಗರ್ಡ್ಲರ್ ಕಂಪನಿಯಿಂದ. ಅಲ್ಲಿನ ರಾಬರ್ಟ್ ರೋಜರ್ ಬಾಟಮ್ಸ್ ಎಂಬ ರಸಾಯನ ತಜ್ಞನಿಗೆ 1930ರ ಡಿಸೆಂಬರ್ 2ರಂದು ಒಂದು ಪೇಟೆಂಟ್ ಸಿಕ್ಕಿತು. ವಿಚಾರ ಇಷ್ಟೇ: ಆಮ್ಲವನ್ನು ಹಿಡಿಯಲು ಕ್ಷಾರ ಬೇಕು, ಆದರೆ ಕ್ಷಾರ ದುರ್ಬಲವಾಗಿರಬೇಕು. ಕಾಸ್ಟಿಕ್ ಸೋಡಾದ ಹಿಡಿತಕ್ಕೆ ಸಿಕ್ಕಿದ ಇಂಗಾಲದ ಡೈಆಕ್ಸೈಡನ್ನು ಬರಿಯ ಹಬೆಯಿಂದ ಬಿಡಿಸಿಕೊಳ್ಳಲಾಗದು. ಕಾಸ್ಟಿಕ್ ಮುಗಿದಂತೆ ಎಸೆಯುತ್ತಲೇ ಇರಬೇಕು. ಅಮೋನಿಯಾದ ಸಂಬಂಧಿಗಳಾದ ಎಥನಾಲ್‌ಅಮೀನ್‌ಗಳ ಹಿಡಿತ ಹಾಗಲ್ಲ. ತಣ್ಣಗಿದ್ದಾಗ ಹಿಡಿಯುತ್ತವೆ, ಬಿಸಿಯಾದರೆ ಬಿಡುತ್ತವೆ. ಈ ಎರಡು ವಾಕ್ಯದ ಮೇಲೆ ಇಂದಿನ ತನಕದ ಉದ್ಯಮ ನಿಂತಿದೆ.

ಒಂದು ಅಮೀನ್ ಘಟಕದಲ್ಲಿ ಎರಡು ಎತ್ತರದ ಗೋಪುರಗಳು. ಮೊದಲನೆಯದರಲ್ಲಿ ಅನಿಲ ಕೆಳಗಿನಿಂದ ಏರುತ್ತದೆ, ಅಮೀನ್ ದ್ರಾವಣ ಮೇಲಿನಿಂದ ತಟ್ಟೆ ತಟ್ಟೆಯಾಗಿ ಇಳಿಯುತ್ತದೆ. ಅಲ್ಲಿ 40 ಡಿಗ್ರಿಯ ಆಸುಪಾಸು, ಒತ್ತಡ ಜಾಸ್ತಿ. ಕೆಳಗೆ ಬಂದ ದ್ರಾವಣಕ್ಕೆ ಕಾರ್ಖಾನೆಯವರು ರಿಚ್ ಅಮೀನ್ ಎನ್ನುತ್ತಾರೆ. ಅದು ಎರಡನೆಯ ಗೋಪುರಕ್ಕೆ ಹೋಗಿ, ಕಡಿಮೆ ಒತ್ತಡದಲ್ಲಿ, ರೀಬಾಯ್ಲರಿನ ಹಬೆಯಿಂದ 115–120 ಡಿಗ್ರಿ ತನಕ ಕಾಯ್ದು, ಹಿಡಿದದ್ದನ್ನೆಲ್ಲ ಬಿಟ್ಟುಕೊಟ್ಟು ಲೀನ್ ಅಮೀನ್ ಆಗಿ ತಣಿದು ವಾಪಸು ಬರುತ್ತದೆ. ಮೊದಲ ಗೋಪುರದ ಕೆಲಸ ಹೆಚ್ಚು ಕಡಿಮೆ ಪುಕ್ಕಟೆ. ಖರ್ಚೆಲ್ಲ ಎರಡನೆಯದರಲ್ಲಿ. ಹೊಗೆಕೊಳವೆಯ ಅನಿಲದಿಂದ ಒಂದು ಟನ್ ಇಂಗಾಲದ ಡೈಆಕ್ಸೈಡನ್ನು ಮೊನೋಎಥನಾಲ್‌ಅಮೀನ್ ಹಿಡಿದು ಬಿಡಲು ಬೇಕಾಗುವ ಶಾಖ ಮೂರೂವರೆ, ನಾಲ್ಕು ಗಿಗಾಜೂಲ್. ಕಳೆದ ತೊಂಬತ್ತು ವರ್ಷಗಳ ಸಂಶೋಧನೆಯ ಬಹುಪಾಲು ಈ ಒಂದು ಬಿಲ್ಲನ್ನು ಇಳಿಸುವ ಪ್ರಯತ್ನ. ಹೊಸ ದ್ರಾವಕದ ಜಾಹೀರಾತು ಎಷ್ಟು ಹಿಡಿಯುತ್ತದೆ ಎಂದು ಕೊಚ್ಚಿಕೊಂಡರೆ ನಾನು ಮೊದಲು ಕೇಳುವುದು ರೀಬಾಯ್ಲರಿನ ಲೆಕ್ಕ.

ಲಾಕ್‌ನವರು ಆರಿಸಿದ್ದು ಡೈಎಥನಾಲ್‌ಅಮೀನ್. ಅದನ್ನು ಎಲ್ಲರೂ ಅಂಜಿ ನೀರಾಗಿಸಿ ಬಳಸುತ್ತಿದ್ದಾಗ ಅವರು ಗಾಢವಾಗಿಯೇ ಓಡಿಸಿ ತೋರಿಸಿದರು. ಆಮೇಲೆ ಬಂದ ಮೀಥೈಲ್‌ಡೈಎಥನಾಲ್‌ಅಮೀನ್, ಅಂದರೆ ಎಂಡಿಇಎ, ಇನ್ನೊಂದು ಬಗೆಯ ಜಾಣತನ. ಇದನ್ನು ಅರ್ಥಮಾಡಿಕೊಳ್ಳಲು ಅಣುಮಟ್ಟಕ್ಕೆ ಇಳಿಯಬೇಕು. ಮೊನೋಎಥನಾಲ್‌ಅಮೀನಿನ ಸಾರಜನಕ ಇಂಗಾಲದ ಡೈಆಕ್ಸೈಡಿನ ಜೊತೆ ನೇರ ಬಂಧ ಕಟ್ಟಿ ಕಾರ್ಬಮೇಟ್ ಆಗುತ್ತದೆ. ಒಂದು ಅಣುವನ್ನು ಹಿಡಿಯಲು ಎರಡು ಅಮೀನ್ ಅಣು ಖರ್ಚು, ಬಂಧವೂ ಬಿಗಿ. ಎಂಡಿಇಎಯ ಸಾರಜನಕದ ಸುತ್ತ ಮೂರು ಗುಂಪುಗಳು ತುಂಬಿಕೊಂಡಿರುವುದರಿಂದ ಕಾರ್ಬಮೇಟಿಗೆ ಜಾಗವಿಲ್ಲ. ಇಂಗಾಲದ ಡೈಆಕ್ಸೈಡ್ ಮೊದಲು ನೀರಿನ ಜೊತೆ ನಿಧಾನವಾಗಿ ಬೈಕಾರ್ಬನೇಟ್ ಆಗಬೇಕು. ಹೈಡ್ರೋಜನ್ ಸಲ್ಫೈಡಿಗೆ ಈ ರಗಳೆಯಿಲ್ಲ, ಪ್ರೋಟಾನ್ ಒಂದನ್ನು ದಾಟಿಸಿದರೆ ಮುಗಿಯಿತು, ಆ ಕ್ಷಣವೇ ಹಿಡಿದಾಯಿತು. ಹೀಗಾಗಿ ಎಂಡಿಇಎ ಗೋಪುರದಲ್ಲಿ ಅನಿಲ ಬೇಗ ಹಾದುಹೋದರೆ ವಿಷ ಸಿಕ್ಕಿಬೀಳುತ್ತದೆ, ಇಂಗಾಲದ ಡೈಆಕ್ಸೈಡಿನ ದೊಡ್ಡ ಪಾಲು ತಪ್ಪಿಸಿಕೊಳ್ಳುತ್ತದೆ. ಬೇಡವಾದದ್ದನ್ನು ಹಿಡಿಯದಿದ್ದರೆ ಬಿಡಿಸುವ ಖರ್ಚೂ ಇಲ್ಲ. ಎರಡನ್ನೂ ಹಿಡಿಯಬೇಕೆಂದರೆ ಪೈಪರಜಿನ್ ಎಂಬ ಚುರುಕು ಅಮೀನನ್ನು ಸ್ವಲ್ಪ ಬೆರೆಸುತ್ತಾರೆ, ಜರ್ಮನಿಯ ಬಿಎಎಸ್‌ಎಫ್ ಜನಪ್ರಿಯಗೊಳಿಸಿದ ಉಪಾಯ ಇದು. ಒಂದು ಕಿಲೋ ಇಂಗಾಲದ ಡೈಆಕ್ಸೈಡನ್ನು ಹಿಡಿದಾಗ ಮೊನೋಎಥನಾಲ್‌ಅಮೀನ್ ಸುಮಾರು 1,900 ಕಿಲೋಜೂಲ್ ಶಾಖ ಬಿಡುತ್ತದೆ, ಎಂಡಿಇಎ ಸುಮಾರು 1,350. ಹಿಡಿಯುವಾಗ ಬಿಟ್ಟಷ್ಟನ್ನು ಬಿಡಿಸುವಾಗ ವಾಪಸು ಕೊಡಲೇಬೇಕು. ವ್ಯತ್ಯಾಸ ನೇರವಾಗಿ ಬಾಯ್ಲರಿನ ಇಂಧನದಲ್ಲಿ ಕಾಣುತ್ತದೆ.

ಈ ವೇಗಗಳ ಲೆಕ್ಕ ಕಟ್ಟಿದವರಲ್ಲಿ ಒಬ್ಬರು ನಮ್ಮವರು. ಕೇಂಬ್ರಿಜ್‌ನ ಪೀಟರ್ ಡ್ಯಾಂಕ್‌ವರ್ಟ್ಸ್ ಎಂಬ ಪ್ರಾಧ್ಯಾಪಕರು 1940ರಲ್ಲಿ ಲಂಡನ್ ಮೇಲೆ ಬಿದ್ದ ಸಿಡಿಯದ ಮೈನುಗಳನ್ನು ನಿಷ್ಕ್ರಿಯಗೊಳಿಸಿ ಜಾರ್ಜ್ ಕ್ರಾಸ್ ಪಡೆದವರು. ಅಂಥವರಿಗೆ ಅಮೀನ್ ಏನು ಮಹಾ. ಅವರ ಬಳಿ ಸಂಶೋಧನೆ ಮಾಡಿದ ಮನಮೋಹನ ಶರ್ಮಾ 1964ರಲ್ಲಿ ಮುಂಬೈಗೆ ಮರಳಿ, ಮಾಟುಂಗದ ರಾಸಾಯನಿಕ ತಂತ್ರಜ್ಞಾನ ವಿಭಾಗವಾದ ಯುಡಿಸಿಟಿಯಲ್ಲಿ ಇನ್ನೂ ಮೂವತ್ತು ತುಂಬುವ ಮೊದಲೇ ಪ್ರಾಧ್ಯಾಪಕರಾದರು. ಅನಿಲವೊಂದು ದ್ರವದೊಳಗೆ ಕರಗುತ್ತ ಕರಗುತ್ತಲೇ ಪ್ರತಿಕ್ರಿಯಿಸಿದರೆ ಒಟ್ಟು ವೇಗ ಎಷ್ಟು ಎಂಬ ಪ್ರಶ್ನೆಗೆ ಇವರಿಬ್ಬರ ಲೇಖನಗಳನ್ನು ಇಂದಿಗೂ ತೆರೆಯಬೇಕು. ಶರ್ಮಾ ಅವರ ಜೊತೆ 1984ರಲ್ಲಿ ಭಿನ್ನಪ್ರಾವಸ್ಥಾ ಪ್ರತಿಕ್ರಿಯೆಗಳ ಮೇಲೆ ಎರಡು ಸಂಪುಟಗಳ ಗ್ರಂಥ ಬರೆದ ಎಲ್. ಕೆ. ದೊರೈಸ್ವಾಮಿ ಬೆಂಗಳೂರಿನಲ್ಲಿ ಹುಟ್ಟಿದವರು, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಗೋಡೆಗಳ ಮೇಲೆ ಇವರ ಚಿತ್ರ ನಾನು ಕಂಡದ್ದು ಕಡಿಮೆ.

ಪುಸ್ತಕದಲ್ಲಿ ಅಮೀನ್ ಶುಭ್ರ ದ್ರಾವಣ. ಕಾರ್ಖಾನೆಯಲ್ಲಿ ಹಾಗಲ್ಲ. ಹೊಸದಾಗಿ ತುಂಬಿದಾಗ ತಿಳಿ ಹುಲ್ಲಿನ ಬಣ್ಣ, ಕೆಲವು ತಿಂಗಳಲ್ಲಿ ಕಂದು, ಕಬ್ಬಿಣದ ಸಲ್ಫೈಡ್ ಪುಡಿ ಸೇರಿದರೆ ಹಸಿರು ಮಿಶ್ರಿತ ಕಪ್ಪು. ಅನಿಲದ ಜೊತೆ ಬಂದ ಎಣ್ಣೆಯಂಶ ಸ್ವಲ್ಪ ಸಾಂದ್ರಗೊಂಡು ಅದರಲ್ಲಿ ಸೇರಿದರೆ ಗೋಪುರದೊಳಗೆ ನೊರೆ ಏಳುತ್ತದೆ. ಒಳಗೆ ಏನಾಗುತ್ತಿದೆ ಎಂದು ಯಾರಿಗೂ ಕಾಣದು. ನಿಯಂತ್ರಣ ಕೊಠಡಿಯಲ್ಲಿ ಗೋಪುರದ ಮೇಲೆ ಕೆಳಗಿನ ಒತ್ತಡದ ವ್ಯತ್ಯಾಸ ಕುಣಿಯತೊಡಗುತ್ತದೆ, ತಳದ ದ್ರವಮಟ್ಟ ಇಳಿಯುತ್ತದೆ, ಮೇಲಿನ ಅನಿಲದಲ್ಲಿ ಗಂಧಕದ ಪಾಲು ಏರುತ್ತದೆ. ಪಾಳಿಯ ಆಪರೇಟರು ಮಾದರಿ ತೆಗೆದು ಗಾಜಿನ ಸಿಲಿಂಡರಿನಲ್ಲಿ ಗಾಳಿಗುಳ್ಳೆ ಹಾಯಿಸಿ, ನೊರೆ ಎಷ್ಟು ಎತ್ತರ ಏರಿತು, ಒಡೆಯಲು ಎಷ್ಟು ಸೆಕೆಂಡು ಬೇಕಾಯಿತು ಎಂದು ನೋಡುತ್ತಾನೆ. ನೊರೆ ಒಡೆಯುವ ಮದ್ದು ಹಾಕಿದರೆ ತತ್ಕಾಲಕ್ಕೆ ಇಳಿಯುತ್ತದೆ, ಹೆಚ್ಚು ಹಾಕಿದರೆ ಅದೇ ನೊರೆ ಎಬ್ಬಿಸುತ್ತದೆ. ಒಳಬರುವ ಅನಿಲಕ್ಕಿಂತ ಅಮೀನನ್ನು ಐದಾರು ಡಿಗ್ರಿ ಬೆಚ್ಚಗಿಡು, ಶೋಧಕಗಳನ್ನು ಸಕಾಲಕ್ಕೆ ಬದಲಿಸು: ಅನುಭವಿಗಳ ಉಪದೇಶ ಇಷ್ಟೇ. ಆ ಶೋಧಕವನ್ನು ಹೊರತೆಗೆಯುವುದಕ್ಕೂ ಜಾಗರೂಕತೆ ಬೇಕು. ಅದರ ಮೇಲೆ ಕೂತ ಕಪ್ಪು ಕಬ್ಬಿಣದ ಸಲ್ಫೈಡ್ ಒಣಗಿ ಗಾಳಿಗೆ ತೆರೆದರೆ ತಾನೇ ಹೊತ್ತಿಕೊಳ್ಳುತ್ತದೆ. ಒದ್ದೆ ಮಾಡಿಯೇ ತೆಗೆಯಬೇಕು.

ಸಿನ್‌ಗ್ಯಾಸಿನ ಕಡೆ ಬರೋಣ. ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕದ ಈ ಮಿಶ್ರಣದಿಂದ ಅಮೋನಿಯಾ, ಮೆಥನಾಲ್, ಡೀಸೆಲ್ ಮಾಡಬಹುದು, ಕಬ್ಬಿಣದ ಅದಿರನ್ನೂ ಅಪಕರ್ಷಿಸಬಹುದು. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ 1999ರಿಂದ ಉರಿಯುವ ಕೋರೆಕ್ಸ್ ಕುಲುಮೆಯ ಅನಿಲವೂ ಈ ಕುಲಕ್ಕೆ ಸೇರಿದ್ದೇ. ನೈಸರ್ಗಿಕ ಅನಿಲದ ಕೊಳವೆಯಲ್ಲಿ ಹತ್ತು ಲಕ್ಷಕ್ಕೆ ನಾಲ್ಕು ಪಾಲು ಹೈಡ್ರೋಜನ್ ಸಲ್ಫೈಡ್ ಇದ್ದರೆ ನಡೆಯುತ್ತದೆ. ಆದರೆ ಸಂಶ್ಲೇಷಣೆಯ ವೇಗವರ್ಧಕಗಳಿಗೆ ಹತ್ತನೇ ಒಂದು ಪಾಲೂ ಹೆಚ್ಚು, ಗಂಧಕ ಅವುಗಳ ಮೇಲ್ಮೈಗೆ ಅಂಟಿಕೊಂಡರೆ ಕೋಟ್ಯಂತರ ರೂಪಾಯಿಯ ಸರಕು ಮಣ್ಣು. ಜೊತೆಗೆ ಸಿನ್‌ಗ್ಯಾಸಿನಲ್ಲಿ ಕಾರ್ಬೊನಿಲ್ ಸಲ್ಫೈಡ್, ಸೈನೈಡ್‌ಗಳಂಥ ಹೆಚ್ಚುವರಿ ಕೊಳೆಯೂ ಇರುತ್ತದೆ.

ದಕ್ಷಿಣ ಆಫ್ರಿಕಾಕ್ಕೆ ಎಣ್ಣೆಯಿರಲಿಲ್ಲ, ಕಲ್ಲಿದ್ದಲು ಧಾರಾಳ. ಸಾಸೋಲ್‌ಬರ್ಗಿನಲ್ಲಿ ಕಲ್ಲಿದ್ದಲಿನಿಂದ ಪೆಟ್ರೋಲ್ ಮಾಡುವ ಕಾರ್ಖಾನೆ 1955ರಲ್ಲಿ ಎದ್ದಾಗ, ಜರ್ಮನಿಯ ಲುರ್ಗಿ ಮತ್ತು ಲಿಂಡೆ ಸೇರಿ ರೂಪಿಸಿದ ರೆಕ್ಟಿಸಾಲ್ ಎಂಬ ವಿಧಾನ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಓಡಿತು. ಇಲ್ಲಿ ಅಮೀನ್ ಇಲ್ಲ, ಪ್ರತಿಕ್ರಿಯೆಯೂ ಇಲ್ಲ. ಬರಿಯ ಮೆಥನಾಲನ್ನು ಮೈನಸ್ 40, ಮೈನಸ್ 60 ಡಿಗ್ರಿಗೆ ತಣಿಸಿ ಅದರಲ್ಲಿ ಅನಿಲವನ್ನು ತೊಳೆಯುವುದು. ಒತ್ತಡದಲ್ಲಿ ಕರಗುತ್ತದೆ, ಒತ್ತಡ ಇಳಿಸಿದರೆ ಬುಸ್ಸೆಂದು ಹೊರಬರುತ್ತದೆ. ಗೋಲಿ ಸೋಡಾ ಒಡೆದ ಎಲ್ಲರಿಗೂ ಇದರ ತತ್ವ ಗೊತ್ತು. ಬಿಡಿಸಲು ಕಾಯಿಸುವ ಖರ್ಚು ಬಹಳಷ್ಟು ತಪ್ಪಿತು, ಬದಲಿಗೆ ತಣಿಸುವ ಖರ್ಚು ಬಂತು. ಒತ್ತಡ ಹೆಚ್ಚಿದ್ದಷ್ಟೂ ಈ ವ್ಯವಹಾರ ಲಾಭ. ಅದಕ್ಕೇ ಒತ್ತಡದ ಗ್ಯಾಸಿಫೈಯರುಗಳಿಗೆ ಭೌತಿಕ ದ್ರಾವಕ, ಕಡಿಮೆ ಒತ್ತಡಕ್ಕೆ ಅಮೀನ್ ಎಂಬುದು ಒರಟಾದ ಆದರೆ ಕೈಕೊಡದ ಸೂತ್ರ. ಜಾಮ್‌ನಗರದ ಪೆಟ್‌ಕೋಕ್ ಗ್ಯಾಸಿಫಿಕೇಶನ್ನಿನಲ್ಲೂ ರೆಕ್ಟಿಸಾಲೇ ಇದೆ.

ಇವೆರಡರ ನಡುವೆ ಬಿಸಿ ಪೊಟ್ಯಾಷ್ ವಿಧಾನ. ಅಮೆರಿಕದ ಗಣಿ ಬ್ಯೂರೋದಲ್ಲಿ ಬೆನ್ಸನ್ ಮತ್ತು ಫೀಲ್ಡ್ 1950ರ ದಶಕದಲ್ಲಿ ಕಂಡುಕೊಂಡದ್ದು, ಇಬ್ಬರ ಹೆಸರು ಸೇರಿ ಬೆನ್‌ಫೀಲ್ಡ್. ಹಿಡಿಯುವ ಗೋಪುರವನ್ನೂ ಬಿಸಿಯಾಗಿಯೇ ಇಟ್ಟರೆ ಪ್ರತಿಸಲ ತಣಿಸಿ ಕಾಯಿಸುವ ತೊಂದರೆ ಯಾಕೆ ಎಂಬುದು ಅವರ ಪ್ರಶ್ನೆ. ಸಾಮಾನ್ಯ ಪೊಟ್ಯಾಷಿಯಂ ಕಾರ್ಬನೇಟೇ ಸಾಕಾಯಿತು. ಗೊಬ್ಬರ ಉದ್ಯಮ ಇದನ್ನು ಅಪ್ಪಿಕೊಂಡಿತು. ಇಟಲಿಯವರು ಅದೇ ಪೊಟ್ಯಾಷಿಗೆ ವೇಗ ತರಲು ಆರ್ಸೆನಿಕ್ ಬೆರೆಸಿದರು, ನಮ್ಮ ದೇಶದ ಕೆಲವು ಗೊಬ್ಬರ ಕಾರ್ಖಾನೆಗಳೂ ಅದನ್ನು ಓಡಿಸಿದವು. ಕಾರ್ಖಾನೆಯ ಚರಂಡಿ ನೀರಿನಲ್ಲಿ ಆರ್ಸೆನಿಕ್ ಇರುವುದು ಎಂಥ ಅವಿವೇಕ ಎಂದು ತಿಳಿದ ಮೇಲೆ ಅದರ ಜಾಗಕ್ಕೆ ಗ್ಲೈಸಿನ್ ಬಂತು. ಪೊರೆಗಳು, ಆಣ್ವಿಕ ಜರಡಿಗಳು ಮುಂತಾದ ಬೇರೆ ವಿಧಾನಗಳೂ ಇವೆ, ಸಮುದ್ರದ ಮಧ್ಯೆ ಜಾಗ ಕಡಿಮೆಯಿರುವ ಹಡಗುಗಳಲ್ಲಿ ಪೊರೆಗಳಿಗೆ ಒಳ್ಳೆಯ ಬೆಲೆ. ಅವುಗಳ ವಿವರಕ್ಕೆ ಇವತ್ತು ಹೋಗುವುದಿಲ್ಲ.

ಅಮೀನಿನ ಇನ್ನೊಂದು ಮುಖವನ್ನು ಹೇಳದೆ ಮುಂದೆ ಹೋಗಬಾರದು. ಅಮೆರಿಕದ ಇಲಿನಾಯ್ ರಾಜ್ಯದ ರೋಮಿಯೋವಿಲ್‌ನಲ್ಲಿ ಯೂನಿಯನ್ ಆಯಿಲ್ ಸಂಸ್ಥೆಯ ರಿಫೈನರಿ. ಅಲ್ಲಿ ಪ್ರೊಪೇನ್, ಬ್ಯುಟೇನ್‌ಗಳಿಂದ ಮೊನೋಎಥನಾಲ್‌ಅಮೀನ್ ಬಳಸಿ ಹೈಡ್ರೋಜನ್ ಸಲ್ಫೈಡ್ ತೆಗೆಯುವ ಗೋಪುರ 1970ರಿಂದ ದುಡಿಯುತ್ತಿತ್ತು, ಗೋಡೆ ಒಂದು ಅಂಗುಲ ದಪ್ಪ. 1974ರಲ್ಲಿ ಅದರ ಒಂದು ಸುತ್ತಿನ ಪಟ್ಟಿ ಕೆಟ್ಟದ್ದರಿಂದ ಅದನ್ನು ಕತ್ತರಿಸಿ ಹೊಸದನ್ನು ನಿಂತಲ್ಲೇ ಬೆಸೆದರು. ಬೆಸುಗೆಯ ನಂತರ ಬಿಸಿಮಾಡಿ ನಿಧಾನವಾಗಿ ತಣಿಸಿ ಅದರ ಗಡಸುತನ ಇಳಿಸುವ ಉಪಚಾರ ಮಾಡಲಿಲ್ಲ. ಹತ್ತು ವರ್ಷ ಏನೂ ಆಗಲಿಲ್ಲ, ಅಂದರೆ ಹೊರಗೆ ಏನೂ ಕಾಣಲಿಲ್ಲ. ಲಾಕ್‌ನಲ್ಲಿ ಕಂಡ ಅದೇ ಒಂಟಿ ಹೈಡ್ರೋಜನ್ ಬೆಸುಗೆಯ ಅಂಚಿನ ಗಡಸು ಪದರದಲ್ಲಿ ಕೂದಲೆಳೆಯ ಬಿರುಕುಗಳನ್ನು ಬೆಳೆಸುತ್ತಲೇ ಇತ್ತು.

1984ರ ಜುಲೈ 23ರ ಸಂಜೆ ಆಪರೇಟರೊಬ್ಬ ಗೋಪುರದ ಬುಡದ ಹತ್ತಿರ ಅಡ್ಡ ಬಿರುಕಿನಿಂದ ಅನಿಲ ಸೋರುವುದನ್ನು ಕಂಡ. ಬಿರುಕು ಗೇಣುದ್ದ. ಅವನು ಒಳಹರಿವಿನ ವಾಲ್ವ್ ಮುಚ್ಚಲು ಹೋದ. ಅಷ್ಟರಲ್ಲಿ ಬಿರುಕು ನಾಲ್ಕು ಪಟ್ಟು ಉದ್ದವಾಗಿತ್ತು. ಜನರನ್ನು ಹೊರಗೆ ಕಳಿಸುತ್ತಿರುವಾಗ, ರಿಫೈನರಿಯ ಅಗ್ನಿಶಾಮಕ ಪಡೆ ಬಂದು ತಲುಪುತ್ತಿದ್ದಂತೆ ಅನಿಲದ ಮೋಡ ಹೊತ್ತಿಕೊಂಡಿತು. ಗೋಪುರದ ಮೇಲಿನ 14 ಮೀಟರಿನ ಭಾಗ ಬುಡದಿಂದ ಕಿತ್ತು, ಒಂದು ಕಿಲೋಮೀಟರ್ ಹಾರಿ, ವಿದ್ಯುತ್ ಗೋಪುರವೊಂದಕ್ಕೆ ಬಡಿಯಿತು. ಸತ್ತವರು 17 ಮಂದಿ, ಅವರಲ್ಲಿ ಹೆಚ್ಚಿನವರು ಬೆಂಕಿ ಆರಿಸಲು ಬಂದವರು. ಅಮೆರಿಕದ ಮಾನಕ ಬ್ಯೂರೋ ಲೋಹದ ತುಂಡುಗಳನ್ನು ಪರೀಕ್ಷಿಸಿ ಬೆಸುಗೆಯತ್ತ ಬೊಟ್ಟು ಮಾಡಿತು. ಅಮೀನ್ ನೋಡಲು ಸೌಮ್ಯ ದ್ರಾವಣ. ಅದರ ಪಾತ್ರೆಗೆ ಬೆಸುಗೆಯ ಉಪಚಾರ ಯಾಕೆ ಎಂದು ಬಜೆಟ್ ಸಭೆಯಲ್ಲಿ ಕೇಳುವವರು ಇನ್ನೂ ಇದ್ದಾರೆ. ಅಂಥವರಿಗೆ ಆ ಬ್ಯೂರೋದ ವರದಿಯ ಚಿತ್ರಗಳನ್ನು ತೋರಿಸಬೇಕು.

ಈಗ ಹಿಡಿದು ಬಿಡಿಸಿದ ಸರಕಿಗೆ ಬರೋಣ. ಹೈಡ್ರೋಜನ್ ಸಲ್ಫೈಡಿನ ಪಾಡು ಒಂದು ಲೆಕ್ಕದಲ್ಲಿ ಸುಖಾಂತ. ಲಂಡನ್ನಿನ ರಸಾಯನ ತಜ್ಞ ಕಾರ್ಲ್ ಫ್ರೆಡ್ರಿಕ್ ಕ್ಲಾಸ್ 1883ರಲ್ಲಿ ಪೇಟೆಂಟ್ ಮಾಡಿದ ವಿಧಾನ, ಅರ್ಧ ಶತಮಾನದ ನಂತರ ಜರ್ಮನರ ಕೈಯಲ್ಲಿ ಸುಧಾರಿಸಿ, ಇಂದು ಎಲ್ಲ ಕಡೆಯೂ ಇದೆ. ಮೂರನೇ ಒಂದು ಭಾಗವನ್ನು ಸುಟ್ಟು ಸಲ್ಫರ್ ಡೈಆಕ್ಸೈಡ್ ಮಾಡಿ, ಉಳಿದ ಎರಡು ಭಾಗದ ಜೊತೆ ಪ್ರತಿಕ್ರಿಯಿಸಿದರೆ ಗಂಧಕವೂ ನೀರೂ ದೊರೆಯುತ್ತವೆ. ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ಗಂಧಕವನ್ನು ಮರಳಿ ಪಡೆಯುವ ಘಟಕಗಳಿವೆ. ಗಣಿಯಿಂದ ಗಂಧಕ ತೆಗೆಯುವ ಕಾಲ ಬಹುಮಟ್ಟಿಗೆ ಮುಗಿದು, ಜಗತ್ತಿನ ಗಂಧಕದ ದೊಡ್ಡ ಪಾಲು ಈಗ ಎಣ್ಣೆ ಮತ್ತು ಅನಿಲದ ಈ ಶುದ್ಧೀಕರಣದಿಂದಲೇ ಬರುತ್ತದೆ. ಅಬುಧಾಬಿಯ ಶಾಹ್ ಕ್ಷೇತ್ರದ ಅನಿಲದಲ್ಲಿ ಶೇಕಡಾ 23 ಹೈಡ್ರೋಜನ್ ಸಲ್ಫೈಡ್, ಶೇಕಡಾ 10 ಇಂಗಾಲದ ಡೈಆಕ್ಸೈಡ್. ಲಾಕ್ ಇದರ ಮುಂದೆ ಸಾಧು. 2015ರಲ್ಲಿ ಅದು ಉತ್ಪಾದನೆಗೆ ಬಂತು. ಇಂಥ ಗಂಧಕವನ್ನು ಮರಳುಗಾಡಿನಿಂದ ರುವೈಸ್ ಬಂದರಿಗೆ ಸಾಗಿಸಲೆಂದೇ ಯುಎಇಯ ಸರಕು ರೈಲು ಮೊದಲು ಓಡಿದ್ದು. ಕೊಲ್ಲಿಯ ಇಂಥ ಅನಿಲ ಘಟಕಗಳಲ್ಲಿ ನಮ್ಮ ಕರಾವಳಿಯವರು ದುಡಿಯುತ್ತಾರೆ. ಕೊಲ್ಲಿಯ ಗಂಧಕ ನಮ್ಮ ಬಂದರುಗಳಿಗೂ ಬರುತ್ತದೆ, ಗಂಧಕಾಮ್ಲವಾಗಿ, ಡಿಎಪಿಯಾಗಿ ಹೊಲ ಸೇರುತ್ತದೆ.

ಇಂಗಾಲದ ಡೈಆಕ್ಸೈಡಿಗೆ ಅಂಥ ಗಿರಾಕಿಯಿಲ್ಲ. ಬಹುಪಾಲು ಕಾರ್ಖಾನೆಗಳು ಅದನ್ನು ಇಷ್ಟೆಲ್ಲ ಖರ್ಚುಮಾಡಿ ಶುದ್ಧವಾಗಿ ಬಿಡಿಸಿ, ಗಾಳಿಗೆ ಬಿಟ್ಟು ಕೈತೊಳೆದುಕೊಂಡವು. ನಾರ್ವೆ 1991ರಲ್ಲಿ ಸಮುದ್ರದ ಎಣ್ಣೆ, ಅನಿಲ ಉದ್ಯಮದ ಮೇಲೆ ಇಂಗಾಲದ ತೆರಿಗೆ ಹಾಕಿತು. ಅಲ್ಲಿನ ಸ್ಲೈಪ್ನರ್ ಕ್ಷೇತ್ರದ ಅನಿಲದಲ್ಲಿ ಶೇಕಡಾ 9 ಇಂಗಾಲದ ಡೈಆಕ್ಸೈಡ್ ಇತ್ತು, ಮಾರಲು 2.5ಕ್ಕೆ ಇಳಿಸಬೇಕಿತ್ತು. ತೆರಿಗೆ ಕಟ್ಟುವುದಕ್ಕಿಂತ ಹೂಳುವುದು ಅಗ್ಗವೆಂದು 1996ರಿಂದ ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ನಿನಂತೆ ಸಮುದ್ರತಳದ ಕೆಳಗಿನ ಮರಳುಗಲ್ಲಿಗೆ ತುಂಬತೊಡಗಿದರು. ಅಮೆರಿಕದ ಉತ್ತರ ಡಕೋಟಾದಲ್ಲಿ ಕಲ್ಲಿದ್ದಲಿನಿಂದ ಅನಿಲ ಮಾಡುವ ಕಾರ್ಖಾನೆ ತನ್ನ ರೆಕ್ಟಿಸಾಲ್ ಘಟಕದಿಂದ ಬಂದದ್ದನ್ನು 2000ದಿಂದ ಗಡಿಯಾಚೆಯ ಕೆನಡಾದ ವೇಬರ್ನ್ ಎಣ್ಣೆ ಕ್ಷೇತ್ರಕ್ಕೆ ಮಾರತೊಡಗಿತು, ಹಳೆಯ ಬಾವಿಯಿಂದ ಇನ್ನಷ್ಟು ಎಣ್ಣೆ ತಳ್ಳಲು. ಗೋರ್ಗನ್ ಕತೆ ಅಷ್ಟು ಸಲೀಸಲ್ಲ. ಬಾವಿಯಿಂದ ಬಂದ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 80 ಹೂಳುವುದೆಂದು ಮಾತಾಗಿತ್ತು. ಅನಿಲದ ಹಡಗು ಹೊರಟದ್ದು 2016ರಲ್ಲಿ, ಹೂಳುವುದು ಶುರುವಾದದ್ದು 2019ರಲ್ಲಿ, ಅದೂ ಗುರಿ ಮುಟ್ಟಲಿಲ್ಲ. ಹಿಡಿಯುವ ತಂತ್ರ ಕೈಕೊಟ್ಟದ್ದಲ್ಲ; ಹೂಳುವ ಪದರದ ನೀರು, ಮರಳು, ಒತ್ತಡ ಕೈಕೊಟ್ಟವು.

ಇದರ ನಡುವೆ ಒಂದು ತಮಾಷೆಯಿದೆ. ಒಂದು ಟನ್ ಯೂರಿಯಾಕ್ಕೆ 730 ಕಿಲೋ ಚಿಲ್ಲರೆ ಇಂಗಾಲದ ಡೈಆಕ್ಸೈಡ್ ಬೇಕು. ನಾಫ್ತಾದಲ್ಲಿ ಇಂಗಾಲ ಹೆಚ್ಚು. ಸಿನ್‌ಗ್ಯಾಸಿನಿಂದ ತೆಗೆದದ್ದರಲ್ಲೇ ಯೂರಿಯಾಕ್ಕೆ ಬೇಕಾದಷ್ಟು ಸಿಗುತ್ತಿತ್ತು. ಮೀಥೇನಿಗೆ ಬದಲಾದರೆ ಇಂಗಾಲ ಕಡಿಮೆಯಾಗಿ, ಎಲ್ಲ ಅಮೋನಿಯಾವನ್ನೂ ಯೂರಿಯಾ ಮಾಡಲು ಸ್ವಲ್ಪ ಕೊರತೆ ಬೀಳುತ್ತದೆ. ಉತ್ತರ ಪ್ರದೇಶದ ಆಂವಲಾ ಮತ್ತು ಫೂಲ್‌ಪುರದ ಇಫ್ಕೋ ಕಾರ್ಖಾನೆಗಳು ಈ ಕೊರತೆ ತುಂಬಲು 2006ರಲ್ಲಿ ತಮ್ಮದೇ ಹೊಗೆಕೊಳವೆಗೆ ಜಪಾನಿನ ಮಿತ್ಸುಬಿಷಿಯ ಅಮೀನ್ ಘಟಕ ಹಾಕಿಸಿ, ತಲಾ ದಿನಕ್ಕೆ 450 ಟನ್ ಹಿಡಿಯತೊಡಗಿದವು. ಹವಾಮಾನದ ಕಾಳಜಿಯಿಂದಲ್ಲ, ವ್ಯಾಪಾರದ ಅಗತ್ಯದಿಂದ. ಗೊಬ್ಬರ ಹೊಲಕ್ಕೆ ಬಿದ್ದ ಕೆಲವು ದಿನಗಳಲ್ಲಿ ಅದೇ ಇಂಗಾಲದ ಡೈಆಕ್ಸೈಡ್ ಗಾಳಿಗೆ ಮರಳುತ್ತದೆ ಎಂಬುದನ್ನೂ ಮರೆಯದಿರಿ.

ಕೊನೆಗೆ ನಮ್ಮ ಅಂಗಳದ ವಿಷಯ. 2018ರ ಸತತ್ ಯೋಜನೆಯ ನಂತರ ಸಕ್ಕರೆ ಕಾರ್ಖಾನೆ, ಡಿಸ್ಟಿಲರಿ, ಊರ ಕಸ, ಸಗಣಿಗಳಿಂದ ಜೈವಿಕ ಅನಿಲ ಮಾಡಿ, ಶುದ್ಧಗೊಳಿಸಿ, ವಾಹನಗಳಿಗೆ ತುಂಬುವ ಘಟಕಗಳು ಬರುತ್ತಿವೆ. ಆ ಅನಿಲದಲ್ಲಿ ಶೇಕಡಾ 35–40 ಇಂಗಾಲದ ಡೈಆಕ್ಸೈಡ್. ಡಿಸ್ಟಿಲರಿಯದಾದರೆ ಹೈಡ್ರೋಜನ್ ಸಲ್ಫೈಡೂ ಗಣನೀಯ. ಸಣ್ಣ ಘಟಕಕ್ಕೆ ಅಮೀನ್ ಕೊಂಡುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಇಂಗಾಲದ ಡೈಆಕ್ಸೈಡಿಗೆ ಒತ್ತಡದ ನೀರು ಅಥವಾ ಒತ್ತಡ ಏರಿಳಿಸುವ ಜರಡಿ, ಗಂಧಕ ಹೆಚ್ಚಿದ್ದಲ್ಲಿ ಕಬ್ಬಿಣದ ಕೀಲೇಟ್ ದ್ರಾವಣ, ಕಡಿಮೆಯಿದ್ದಲ್ಲಿ ಹಳೆಯ ಕಬ್ಬಿಣದ ಆಕ್ಸೈಡ್ ಪೆಟ್ಟಿಗೆ ಸಾಕು. ಪೆಟ್ಟಿಗೆ ಖಾಲಿ ಮಾಡುವ ದಿನ ಅದು ಒದ್ದೆಯಾಗಿರಲಿ. ಮುಚ್ಚಳ ತೆಗೆಯುವವನ ಎದೆಯ ಮೇಲೆ ಹೈಡ್ರೋಜನ್ ಸಲ್ಫೈಡ್ ಅಳೆಯುವ ಪುಟ್ಟ ಯಂತ್ರವಿರಲಿ, ಒಬ್ಬನೇ ಇಳಿಯದಿರಲಿ. ಘಟಕದ ಯೋಜನಾ ವರದಿ ತಯಾರಿಸುವವರು, ಸಾಲ ಕೊಡುವ ಬ್ಯಾಂಕಿನವರು, ಪರವಾನಗಿ ಕೊಡುವವರು ಮೀಥೇನಿನ ಶೇಕಡಾವಾರಿನ ಜೊತೆಗೆ ಈ ಎಚ್ಚರಿಕೆಯ ಸಾಲುಗಳನ್ನೂ ಕೇಳಿ ಬರೆಸಿಕೊಳ್ಳಬೇಕು.